ಮಿನಾಜ ಮೇಡಂ ಕೇಳುವ ‘ಮುಂದ?’

ಮಿನಾಜ ಮೇಡಂ ಎದುರಿಗೆ ಯಾರಾದರೂ ಒಂದು ಮಾತನ್ನು ಮುಗಿಸಿ ನಿರಾಳವಾಗಿ ಉಸಿರು ಬಿಟ್ಟದ್ದನ್ನು ವಿಜಯಪುರದ ಜಲನಗರ ಬಡಾವಣೆ ಕಂಡಿಲ್ಲ. ಹೇಳುವವರು ಹೇಳಿ ಮುಗಿಸಿ, ಇನ್ನೇನು ಶಹಬ್ಬಾಸ್ ಎನ್ನುತ್ತಾರೆಂದು ಕಾದು ನಿಂತಾಗ, ದಪ್ಪ ಕನ್ನಡಕದ ಹಿಂದಿನ ಆ ಕಣ್ಣುಗಳು ಒಮ್ಮೆ ಕಿರಿದಾಗಿ, ಬಾಯಿಂದ ‘ಮುಂದ?’ ಎಂಬ ಒಂದೇ ಶಬ್ದ ಹೊರಬೀಳುತ್ತದೆ. ಬಿದ್ದದ್ದೇ ತಡ, ಹೇಳಿದವರ ಉತ್ಸಾಹ ಜರ್ರನೆ ಇಳಿದುಹೋಗುತ್ತದೆ. ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳು ಅಂಗಳಕ್ಕೆಲ್ಲ ಕಾಂಕ್ರೀಟು ಸುರಿಸಿ, ಇನ್ನು ಮಳೆಗಾಲದಲ್ಲಿ ರಾಡಿಯ ಕಾಟವಿಲ್ಲವೆಂದು ಹಿಗ್ಗಿ ಹೇಳಿದಾಗ, ಆ ನೀರು ಮುಂದೆ ಯಾರ ಮನೆಯೊಳಗೆ ಹೋಗಬೇಕೆಂದು ಕೇಳಿ ಅವರ ಹಿಗ್ಗನ್ನು ಅಲ್ಲೇ ಇಂಗಿಸಿದವರು ಇವರು. ಹುಡುಗಿಗೆ ದುಬೈಯ ವರ ಗೊತ್ತಾಯಿತೆಂದು ಪೇಡೆ ಕೊಡಲು ಬಂದ ಸಂಬಂಧಿಕರನ್ನೂ ಬಿಟ್ಟವರಲ್ಲ. ಹುಡುಗಿಯ ಅರ್ಧ ಓದಿನ ಗತಿ ಮುಂದೇನೆಂದು ಕೇಳಿ, ಉತ್ತರ ಬಾರದಿದ್ದಾಗ ಪೇಡೆಯನ್ನು ಮಾತ್ರ ಬಾಯಿಗೆ ಹಾಕಿಕೊಂಡರು. ಹೀಗಾಗಿ ಶುಭಸಮಾಚಾರ ಇದ್ದವರು ಅವರ ಮನೆಯನ್ನು ದಾಟಿ ಮುಂದಿನ ಮನೆಗೆ ಹೋಗುವುದು ವಾಡಿಕೆಯಾಗಿದೆ.

ಅವರ ಇನ್ನೊಂದು ಗುರುತು ಆ ಮಳೆಕೋಟು. ವರ್ಷದ ಹೆಚ್ಚು ದಿನಗಳನ್ನು ಬಿಸಿಲಿಗೇ ಬಾಡಿಗೆ ಕೊಟ್ಟಿರುವ ವಿಜಯಪುರದಲ್ಲಿ, ಏಪ್ರಿಲ್ಲಿನ ಬೆಳಗಿನಲ್ಲೂ ಕಡುನೀಲಿ ಮಳೆಕೋಟು ತೊಟ್ಟು ಸ್ಕೂಟಿಯ ಮೇಲೆ ಕಾಲೇಜಿಗೆ ಹೊರಡುವ ಹೆಂಗಸು ಇವರೊಬ್ಬರೇ. ಕರಾವಳಿಯಲ್ಲಿ ಸಂಶೋಧನೆಗೆಂದು ಇದ್ದ ವರ್ಷಗಳಲ್ಲಿ ಕೊಂಡದ್ದು. ಅಲ್ಲಿ ಮಳೆ ತಡೆಯಿತು, ಇಲ್ಲಿ ಧೂಳು ತಡೆಯುತ್ತದೆ ಎಂಬುದು ಅವರ ಸಮಜಾಯಿಷಿ. ಅದರ ಜೇಬುಗಳಲ್ಲಿ ಹೋಮಿಯೋಪತಿ ಗುಳಿಗೆಯ ಖಾಲಿ ಡಬ್ಬಿಗಳಿರುತ್ತವೆ, ಡಬ್ಬಿಗಳಲ್ಲಿ ಬೇರೆ ಬೇರೆ ಕಡಲತೀರಗಳ ಮರಳು. ನಡೆಯುವುದೂ ವಿಚಿತ್ರ: ಮುಂಗಾಲನ್ನು ಊರಿ, ನೆಲ ಹಿಡಿದುಕೊಂಡಿತೆಂದು ಖಾತ್ರಿಯಾದ ಮೇಲೆ ಹಿಮ್ಮಡಿಯನ್ನು ಇಳಿಸುತ್ತಾರೆ. ಕಾಲಡಿಯ ಮರಳು ಸರಕ್ಕನೆ ಜಾರುವ ಜಾಗಗಳಲ್ಲಿ ಕಲಿತ ಆ ನಡಿಗೆಯನ್ನು ಗಟ್ಟಿ ಕಲ್ಲಿನ ಈ ಊರಿಗೂ ಹೊತ್ತು ತಂದಿದ್ದಾರೆ, ಏಕೆಂದರೆ ಯಾವ ನೆಲದ ಗಟ್ಟಿತನವನ್ನೂ ಅವರು ಬಾಯಿಮಾತಿಗೆ ನಂಬುವುದಿಲ್ಲ.

ಈ ಅಪನಂಬಿಕೆ ಹುಟ್ಟಿದ್ದು ಮಮದಾಪುರದ ಕೆರೆಯ ದಂಡೆಯಲ್ಲಿ. ತಂದೆಯ ಊರು ತಿಕೋಟಾ, ತಾಯಿಯ ತವರು ಮಮದಾಪುರ. ಶಾಲೆಯ ರಜೆಯಲ್ಲಿ ತವರಿಗೆ ಹೋದ ತಾಯಿಯ ಹಿಂದೆ ಬಂದ ಪುಟ್ಟ ಮಿನಾಜ, ಅಜ್ಜ ಬಾಬುಸಾಬರ ಕುರಿಗಳ ಹಿಂದೆ ಕೆರೆಯವರೆಗೆ ಹೋಗುತ್ತಿದ್ದಳು. ಒಮ್ಮೆ ದೊಡ್ಡ ಮಳೆಯಾದ ಮರುದಿನ, ಹಳ್ಳ ಕೆರೆಯೊಳಗೆ ಬಂದು ಬೀಳುವ ಜಾಗದಲ್ಲಿ ಎರೆಮಣ್ಣಿನ ಒಂದು ನಾಲಗೆ ನೀರಿನೊಳಗೆ ಚಾಚಿಕೊಂಡದ್ದನ್ನು ಕಂಡಳು. ಹೋದ ವರ್ಷ ತಾನು ಕಲ್ಲು ಎಸೆದಾಗ ಬುಳುಕ್ ಎಂದಿದ್ದ ಜಾಗದಲ್ಲಿ ಈ ವರ್ಷ ಕೊಕ್ಕರೆ ನಿಂತಿತ್ತು. ಇದು ಹೀಗೆಯೇ ಬೆಳೆದರೆ ಮುಂದೆ ಏನಾಗುತ್ತದೆಂದು ಅಜ್ಜನನ್ನು ಕೇಳಿದಳು. ಬಾಬುಸಾಬರು ಬೀಡಿ ಆರಿಸಿ, ‘ಮುಂದೇನವಾ, ನೀ ಮುದುಕಿ ಆಗೂದ್ರಾಗ ಕೆರಿ ಹೊಲ ಆಗತೈತಿ’ ಎಂದು ತಣ್ಣಗೆ ಹೇಳಿದರು. ಅಂಥ ದೊಡ್ಡ ಕೆರೆ ಸಾಯುತ್ತದೆನ್ನುವ ಸುದ್ದಿಗಿಂತ, ಅದು ಗೊತ್ತಿದ್ದೂ ಊರಿಗೆ ಊರೇ ಉಂಡು ಮಲಗುತ್ತದಲ್ಲ ಎಂಬುದು ಆ ಹುಡುಗಿಗೆ ಸಿಟ್ಟು ತರಿಸಿತು. ಆ ಸಿಟ್ಟು ಇಂದಿಗೂ ಆರಿಲ್ಲ.

ಅದೇ ಸಿಟ್ಟು ಅವಳನ್ನು ಕಡಲವರೆಗೆ ಕರೆದೊಯ್ದಿತು. ನದಿ ಸಮುದ್ರವನ್ನು ಸೇರುವ ಬಾಯಿಗೆ ಕರಾವಳಿಯ ಜನ ಅಳಿವೆ ಎನ್ನುತ್ತಾರೆ. ಅಳಿವೆಯ ಒಳಗೆ ಹಿನ್ನೀರು, ಹೊರಗೆ ಅಲೆ, ನಡುವೆ ಉದ್ದಕ್ಕೆ ಚಾಚಿದ ಮರಳಿನ ದಿಣ್ಣೆ. ನೋಡುವವರಿಗೆ ಇದೆಲ್ಲ ಬ್ರಹ್ಮ ಬರೆದಿಟ್ಟ ಚಿತ್ರದಂತೆ ಸ್ಥಿರವಾಗಿ ಕಂಡರೂ, ದಿನಾಲೂ ಉಬ್ಬರ ಒಂದಿಷ್ಟು ಮರಳನ್ನು ಒಳಗೆ ತರುತ್ತದೆ, ಇಳಿತ ಒಂದಿಷ್ಟನ್ನು ಹೊರಗೆ ಒಯ್ಯುತ್ತದೆ, ತೀರದುದ್ದಕ್ಕೆ ಅಲೆ ಇನ್ನಷ್ಟನ್ನು ಸಾಗಿಸುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಒಂದು ತಲೆಮಾರಿನಲ್ಲಿ ಬಾಯಿ ಮುಚ್ಚಬಹುದು, ದಿಣ್ಣೆ ಹರಿದು ಎರಡಾಗಬಹುದು, ಹಿನ್ನೀರು ಹೊಲವಾಗಬಹುದು. ಮಿನಾಜರ ವಿದ್ಯೆ ಈ ತಲೆಮಾರುಗಳ ಲೆಕ್ಕ. ಗಣಕಯಂತ್ರದಲ್ಲಿ ಅಳಿವೆಯ ತಳವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಆಳ ಒಂದು ಉಬ್ಬರದಲ್ಲಿ ಎಷ್ಟು ಬದಲಾಯಿತೆಂದು ತಿಳಿದು, ಆ ಬದಲಾವಣೆಯನ್ನು ಹಿಗ್ಗಿಸಿ ಹಿಗ್ಗಿಸಿ ವರ್ಷಗಳನ್ನು ದಾಟುತ್ತಾರೆ. ಹೀಗೆ ಹಿಗ್ಗಿಸುವಾಗ ಮೂಲದಲ್ಲಿ ಒಂದು ಸಣ್ಣ ಸುಳ್ಳು ಸೇರಿದರೆ ಅದೂ ಹಿಗ್ಗುತ್ತದೆ. ಅದಕ್ಕೇ ಅವರು ಹಳೆಯ ನಕ್ಷೆಗಳನ್ನೂ ಉಪಗ್ರಹದ ಚಿತ್ರಗಳನ್ನೂ ಮುಂದಿಟ್ಟುಕೊಂಡು, ಕಳೆದುಹೋದ ವರ್ಷಗಳನ್ನು ತಮ್ಮ ಲೆಕ್ಕ ಸರಿಯಾಗಿ ತೋರಿಸುವವರೆಗೆ ಬರುವ ವರ್ಷಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಹಾಗಾದರೆ ಕಡಲಿಲ್ಲದ ಊರಿನಲ್ಲಿ ಈ ಹೆಂಗಸಿಗೇನು ಕೆಲಸ? ಇದನ್ನು ಕೇಳದವರಿಲ್ಲ. ತಂದೆ ತೀರಿಕೊಂಡ ಮೇಲೆ ತಿಕೋಟಾದ ತಾಯಿ ಸುಗರಾಬಿಗೆ ಹತ್ತಿರ ಇರಬೇಕೆಂದು ಬಂದವರು ಇಲ್ಲಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನೀರಿನ ವಿಷಯ ಕಲಿಸುತ್ತ ಉಳಿದರು, ಅಷ್ಟೇ. ಲೆಕ್ಕಕ್ಕೆ ಕಡಲು ಕಿಟಕಿಯಲ್ಲಿ ಕಾಣಬೇಕೆಂದೇನೂ ಇಲ್ಲ. ಕಾಲೇಜಿನವರು ಮೊದಮೊದಲು ನಕ್ಕರು. ಆಮೇಲೆ ಕರಾವಳಿಯ ಒಂದು ಅಳಿವೆಯ ಅಧ್ಯಯನ ಮೇಡಂ ಹೆಸರನ್ನು ನೋಡಿಯೇ ತಮ್ಮ ಕಾಲೇಜಿಗೆ ಬಂದಾಗ ನಗುವನ್ನು ನುಂಗಿ, ಹಾರ ತಂದರು.

ಆ ಯೋಜನೆ ಹೀಗಿತ್ತು. ಅಳಿವೆಯ ಬಾಯಿ ಅತ್ತಿತ್ತ ಸರಿಯದಂತೆ ಎರಡೂ ಬದಿಗೆ ಕಲ್ಲಿನ ಗೋಡೆ. ಹಿನ್ನೀರಿನ ದಡದಲ್ಲಿ ದೋಣಿಗಳು ಬಂದು ನಿಲ್ಲಲು ಹೊಸ ಧಕ್ಕೆ. ಧಕ್ಕೆಗೆ ಜಾಗವಾಗಲೆಂದು ಅಲ್ಲಿಯ ಮೀನುಗಾರರ ಕುಟುಂಬಗಳನ್ನು ಎಬ್ಬಿಸಿ, ಗೋಡೆಯ ಆಸರೆಯಲ್ಲಿ ಮರಳ ದಿಣ್ಣೆಯ ಮೇಲೆ ಕಟ್ಟಿಸಿಕೊಡುವ ಪಕ್ಕಾ ಮನೆಗಳು. ದಿಣ್ಣೆ ಐವತ್ತು ವರ್ಷ ನಿಲ್ಲುತ್ತದೆಯೇ ಎಂಬುದೊಂದೇ ಪ್ರಶ್ನೆ. ಎಬ್ಬಿಸಲಿದ್ದ ಮನೆಗಳ ಪೈಕಿ ದೇವಕಿಯ ಮನೆಯೂ ಇತ್ತು. ಸಂಶೋಧನೆಯ ದಿನಗಳಲ್ಲಿ ಮಿನಾಜರು ಬಾಡಿಗೆಗಿದ್ದದ್ದು ಆ ಮೀನು ಮಾರುವ ಹೆಂಗಸಿನ ಮನೆಯ ಹಿಂದಿನ ಕೋಣೆಯಲ್ಲಿ. ರಮಜಾನಿನ ಉಪವಾಸದಲ್ಲಿ ನಸುಕಿನ ಸಹರಿ ಊಟಕ್ಕೆ ಎಬ್ಬಿಸಿ ಗಂಜಿ ಕೊಟ್ಟವಳು ಅವಳು. ಅವಳು ಫೋನು ಮಾಡಿ, ಸೋರದ ಮನೆ ಸಿಗುತ್ತದಂತೆ, ಬಾಗಿಲು ತೆರೆದರೆ ಕಡಲಂತೆ, ನೀವೇ ಲೆಕ್ಕ ಹಾಕುವವರಂತೆ ಎಂದು ಒಂದೇ ಉಸಿರಿಗೆ ಸಂತೋಷ ಹೇಳಿಕೊಂಡಳು. ಆವತ್ತು ಮಾತ್ರ ಮಿನಾಜರ ನಾಲಗೆಗೆ ಆ ಶಬ್ದ ಬರಲಿಲ್ಲ. ಲೆಕ್ಕ ಇನ್ನೂ ಮುಗಿದಿರಲಿಲ್ಲ, ಆ ಸಂತೋಷವನ್ನು ಮುರಿಯಲು ಮನಸ್ಸೂ ಆಗಲಿಲ್ಲ. ಒಳ್ಳೆಯದಾಗಲಿ ದೇವಕಿ ಎಂದು ಫೋನು ಇಟ್ಟುಬಿಟ್ಟರು.

ಕೆಲಸ ನಡುವಿನಲ್ಲಿರುವಾಗ ಸುಗರಾಬಿಯ ಕಣ್ಣಿನ ಪೊರೆ ತೆಗೆಸುವುದು ಬಂತು. ಮಿನಾಜರು ರಜೆ ಹಾಕಿ ತಿಕೋಟಾಕ್ಕೆ ಹೋದರು. ಹಳೆಯ ವಿದ್ಯಾರ್ಥಿ, ಈಗ ಅದೇ ಕಾಲೇಜಿನಲ್ಲಿ ಕಲಿಸುವ ಪ್ರತಾಪ, ಅಷ್ಟರವರೆಗೆ ನೋಡಿಕೊಳ್ಳುವುದೆಂದಾಯಿತು. ಪ್ರತಾಪ ಕೆಟ್ಟವನಲ್ಲ. ಮೇಲಿನವರು ಬೇಗ ಎಂದರೆ ಬೇಗ ಎನ್ನುವ, ಯಾರಿಗೂ ಇಲ್ಲವೆನ್ನಲು ಬಾರದ ಜಾತಿಯವನು, ಮತ್ತು ಈ ಲೋಕವನ್ನು ಕೆಡಿಸಿದವರಲ್ಲಿ ಕೆಟ್ಟವರಿಗಿಂತ ಇಂಥವರೇ ಹೆಚ್ಚು. ಹಳೆಯ ನಕ್ಷೆಗಳ ಜೊತೆ ಗುದ್ದಾಡುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆಂದು, ಅವನು ಪ್ರಯೋಗಾಲಯದ ಶೆಡ್ಡಿನಲ್ಲಿದ್ದ ಸಿಮೆಂಟಿನ ಉದ್ದ ತೊಟ್ಟಿಯಲ್ಲಿ ಅಳಿವೆಯ ಸಣ್ಣ ಪ್ರತಿಕೃತಿ ಕಟ್ಟಿಸಿದ. ಮೋಟಾರಿಗೆ ಹಲಗೆ ಜೋಡಿಸಿ ಅಲೆ ಎಬ್ಬಿಸಿದ. ಮರಳು ಎಷ್ಟು ಸುಲಭವಾಗಿ ಕದಲುತ್ತದೆಂಬ ಅಂಕಿಯನ್ನು ತೊಟ್ಟಿಯಲ್ಲಿ ಕಂಡಂತೆ ಬರೆದುಕೊಂಡು ಗಣಕಯಂತ್ರಕ್ಕೆ ಉಣಿಸಿದ. ಲೆಕ್ಕದಲ್ಲಿ ದಿಣ್ಣೆ ಐವತ್ತು ವರ್ಷವೂ ಕಲ್ಲಿನಂತೆ ನಿಂತಿತು. ಪ್ರಾಚಾರ್ಯರು ವಿಡಿಯೋ ಮಾಡಿಸಿದರು, ಯೋಜನೆಯವರಿಗೆ ವರದಿ ಹೋಯಿತು, ಅದರ ನೆತ್ತಿಯ ಮೇಲೆ ಡಾಕ್ಟರ್ ಮಿನಾಜ ಎಂಬ ಹೆಸರೂ ಹೋಯಿತು.

ಮರಳಿ ಬಂದ ಮಿನಾಜರು ಮಳೆಕೋಟನ್ನೂ ಕಳಚದೆ ಶೆಡ್ಡಿಗೆ ನಡೆದರು. ತೊಟ್ಟಿಯ ಅಂಚಿನಲ್ಲಿ ನಿಂತು ದಿಣ್ಣೆಯನ್ನು ನೋಡಿದರು. ಅದರ ಬದಿಗಳು ಕಡಿದಿಟ್ಟಂತೆ ಕಡಿದಾಗಿದ್ದವು. ಅಲೆ ತಿಂದ ಮರಳು ಹಾಗೆ ನಿಲ್ಲುವುದಿಲ್ಲ. ಬಗ್ಗಿ ಒಂದು ಚಿಟಿಕೆ ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳುಗಳ ನಡುವೆ ತಿಕ್ಕಿದರು. ಕಡಲಿನ ಮರಳು ಉರುಳುತ್ತದೆ, ಇದು ಕರಕರ ಗೀರಿತು. ಕಾಲೇಜಿನ ಹೊಸ ಕಟ್ಟಡಕ್ಕೆಂದು ಗೇಟಿನ ಬಳಿ ಸುರಿದಿದ್ದ ರಾಶಿಯಿಂದ ತಂದ ಎಂ-ಸ್ಯಾಂಡ್ ಅದು, ಕ್ರಷರಿನಲ್ಲಿ ಕಲ್ಲು ಒಡೆದು ಮಾಡಿದ ಪುಡಿ. ಅದರ ಕಣಗಳಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ಹಲ್ಲು ಕಚ್ಚಿ ಕೂಡುತ್ತವೆ. ಜೊತೆಗಿನ ಕಲ್ಲಿನ ಹಿಟ್ಟು ಒದ್ದೆಯಾದೊಡನೆ ಅಂಟು ಹಾಕುತ್ತದೆ. ಮನೆ ಕಟ್ಟುವುದಕ್ಕೆ ಬೇಕಾದದ್ದು ಅದೇ ಗುಣ. ವರ್ಷಗಳಿಂದ ನದಿಯ ಮರಳನ್ನೇ ಕಾಣದೆ, ಮರಳೆಂದರೆ ಎಂ-ಸ್ಯಾಂಡ್ ಎಂದೇ ತಿಳಿದು ಬೆಳೆದ ನಮ್ಮ ಸೀಮೆಯ ಇಂಜಿನಿಯರನಲ್ಲದೆ ಬೇರಾರೂ ಮಾಡಲಾರದ ತಪ್ಪು ಅದು.

‘ಪ್ರತಾಪ, ಇದು ಮರಳಲ್ಲ, ಕಲ್ಲು. ಕಲ್ಲಿನ ಮ್ಯಾಲ ಮನಿ ನಿಂತ್ರ ಏನು ದೊಡ್ಡ ಮಾತು? ಅಲ್ಲಿ ಇರೂದು ಕಲ್ಲೇನು?’

ಮರಳು ಎಲ್ಲಿಯೂ ಸಿಗಲಿಲ್ಲ, ಮೇಲಿನವರು ಅವಸರ ಮಾಡಿದರು, ನೋಡಲು ಎರಡೂ ಒಂದೇ ಥರ ಇದ್ದವು ಎಂದು ಪ್ರತಾಪ ತಲೆ ತಗ್ಗಿಸಿದ. ಬೈಯಲು ಆ ತಗ್ಗಿದ ತಲೆ ಸಾಲದೆಂದು ತೋರಿ ಮಿನಾಜರು ನೇರ ಪ್ರಾಚಾರ್ಯರ ಕೋಣೆಗೆ ಹೋದರು. ಒಣಸೀಮೆಯ ಕಾಲೇಜು ಸಮುದ್ರದ ಅಧ್ಯಯನ ಮಾಡಿತೆಂದು ಪತ್ರಿಕೆಯಲ್ಲಿ ಬಂದದ್ದನ್ನು ಅವರು ಚೌಕಟ್ಟು ಹಾಕಿಸಿ ಗೋಡೆಗೇರಿಸಿದ್ದರು. ಅದನ್ನು ತೋರಿಸಿ, ಎಂಥ ಹೆಸರು ಬಂತು ನೋಡಿರಿ ಎಂದರು. ‘ಮುಂದ?’ ಎಂದರು ಮಿನಾಜ. ಪ್ರಾಚಾರ್ಯರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿರುವುದೂ ಒಂದು ವಿದ್ಯೆ, ದೊಡ್ಡ ಕುರ್ಚಿಗಳಲ್ಲಿ ಕೂತವರು ಅದನ್ನು ಶ್ರದ್ಧೆಯಿಂದ ಕಲಿತಿರುತ್ತಾರೆ. ಕೊನೆಗೆ, ಬೇರೆ ಮರಳು ಹಾಕಿ ತೋರಿಸುವುದಾದರೆ ತೋರಿಸಿರಿ, ಯೋಜನೆಯವರನ್ನು ಕರೆಸೋಣ ಎಂಬಲ್ಲಿಗೆ ಮಾತು ಬಂದು ನಿಂತಿತು.

ಮಿನಾಜರ ತಮ್ಮ ಮುನಾಫನಿಗೆ ತಿಕೋಟಾದಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ ಶೆಡ್ಡಿದೆ. ಅವನ ಟೆಂಪೊ ಕರಾವಳಿಯ ಪೇಟೆಗಳಿಗೆ ಮಣೂಕ ಇಳಿಸಿ ಖಾಲಿ ಬರುತ್ತದೆ. ಈ ಸಲ ಅದು ದೇವಕಿಯ ಓಣಿಯವರು ತುಂಬಿಕೊಟ್ಟ ಮರಳಿನ ಚೀಲಗಳನ್ನು ಹೊತ್ತು ಬಂತು. ಕಡಲಿನ ಮರಳು ವಿಜಯಪುರಕ್ಕೆ ಬಂದ ಸುದ್ದಿಗೆ ತಿಕೋಟಾದ ಕಟ್ಟೆಗಳು ಬಾಯ್ತುಂಬ ನಕ್ಕವು. ಮಂದಿ ನಗಾಕತ್ತಾರ ಆಪಾ ಎಂದು ಮುನಾಫ ಅಕ್ಕನೆದುರು ಗೊಣಗಿದರೂ ಚೀಲ ಇಳಿಸಿದ. ತೊಟ್ಟಿ ಚಿಕ್ಕದಾದ್ದರಿಂದ ಮರಳಿನಲ್ಲಿ ನಯವಾದದ್ದನ್ನಷ್ಟೇ ಆರಿಸಬೇಕಿತ್ತು. ದ್ರಾಕ್ಷಿ ಒಣಗಿಸುವ ಜಾಳಿಗೆಯಲ್ಲಿ ಒಮ್ಮೆ, ಸುಗರಾಬಿಯ ಹಿಟ್ಟಿನ ಸಾಣಿಗೆಯಲ್ಲಿ ಇನ್ನೊಮ್ಮೆ ಸೋಸಿದರು. ಹೊಸ ಕಣ್ಣಿನ ಸುಗರಾಬಿ, ಡಾಕ್ಟರಾದ ಮಗಳು ಸಾಣಿಗೆ ಕೆಡಿಸುವುದನ್ನು ನೋಡಲಿಕ್ಕೇ ಅಲ್ಲಾಹ್ ತನಗೆ ದೃಷ್ಟಿ ಮರಳಿಸಿದನೇ ಎಂದು ಮನೆಯ ಉರ್ದುವಿನಲ್ಲಿ ದಿನವಿಡೀ ಹಾಡಿದರು. ಹಾಡುತ್ತಲೇ ಮಗಳ ಎದುರು ಕೂತು ತಾವೂ ಸೋಸಿದರು.

ಯೋಜನೆಯವರು ಬಂದ ದಿನ ಬೆಳಿಗ್ಗೆ ಮೋಟಾರು ಶುರುವಾಯಿತು. ಅದೇ ತೊಟ್ಟಿ, ಅದೇ ಅಲೆ, ಅದೇ ಎರಡು ಗೋಡೆ. ಗೋಡೆ ತೀರದುದ್ದಕ್ಕೆ ಬರುವ ಮರಳನ್ನು ತಡೆಯಿತು, ಆಚೆ ಬದಿಯ ದಿಣ್ಣೆಗೆ ಬರಬೇಕಾದ ಪಾಲು ನಿಂತುಹೋಯಿತು. ದಿಣ್ಣೆ ಸೊಂಟದಲ್ಲಿ ಸಣ್ಣಗಾಗುತ್ತ ಬಂತು. ಮನೆಗಳ ಗುರುತಿಗೆಂದು ಮಿನಾಜರು ಅಲ್ಲಿ ಮಣೂಕದ ಕಾಳುಗಳನ್ನು ಸಾಲಾಗಿ ಇಟ್ಟಿದ್ದರು. ಊಟದ ಹೊತ್ತಿಗೆ ಸ್ವಲ್ಪ ಮೊದಲು, ಏನೂ ಸದ್ದಿಲ್ಲದೆ, ಸೊಂಟ ಹರಿದು ನೀರು ನುಗ್ಗಿತು. ಕಾಳುಗಳು ಒಂದೊಂದಾಗಿ ವಾಲಿ ಹಿನ್ನೀರಿಗೆ ಉರುಳಿದವು. ಗಣಕಯಂತ್ರದ ಲೆಕ್ಕವನ್ನೂ ಮಿನಾಜರು ಹಳೆಯ ನಕ್ಷೆಗಳಿಗೆ ಸರಿತೂಗಿಸಿ ಮುಗಿಸಿದ್ದರು, ಅದೂ ಅದನ್ನೇ ಹೇಳುತ್ತಿತ್ತು: ಒಂದು ತಲೆಮಾರು, ಹೆಚ್ಚಿಲ್ಲ. ಮನೆಗೆ ಹೊಕ್ಕ ಮಗು ತನ್ನ ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೆ ನೆಲ ಇರುವುದಿಲ್ಲ.

ಬಂದವರಲ್ಲಿ ಹಿರಿಯರು ಗಂಟಲು ಸರಿಪಡಿಸಿಕೊಂಡು, ಇದು ತೊಟ್ಟಿ, ಅದು ಸಮುದ್ರ, ಎರಡನ್ನೂ ಹೋಲಿಸಬಾರದೆಂದರು. ಕಲ್ಲಿನ ಪುಡಿಯ ಅದೇ ತೊಟ್ಟಿಯನ್ನು ಸಮುದ್ರವೆಂದು ಒಪ್ಪಿ ವಿಡಿಯೋ ಹೊತ್ತೊಯ್ದಿದ್ದವರು ಅವರೇ. ಆಮೇಲೆ ಚಹಾ ಬಂತು, ಬಿಸ್ಕೀಟು ಬಂತು, ವಿಜಯಪುರದ ಸೆಕೆಯ ಮಾತು ಬಂತು. ಹಾಗಾದರೆ ವರದಿಯಿಂದ ನನ್ನ ಹೆಸರು ತೆಗೆಯಿರಿ ಎಂದು ಮಿನಾಜರು ಚಹಾ ಮುಟ್ಟದೆ ಎದ್ದರು. ಇಂಥ ಮಾತಿಗೆ ಜಗಳವಾಗುತ್ತದೆ, ಜಗಳದಲ್ಲಿ ಸತ್ಯ ಹೊರಗೆ ಬೀಳುತ್ತದೆಂದು ಅವರು ನಂಬಿದ್ದರು.

ಜಗಳವೇ ಆಗಲಿಲ್ಲ. ಮರುವಾರ ಪ್ರಾಚಾರ್ಯರು ಕರೆಸಿ, ಹೆಸರು ತೆಗೆದಾಯಿತೆಂದು ನಗುತ್ತ ಹೇಳಿದರು. ಅಂಕಿ ಹಾಗೇ ಇತ್ತು, ದಿಣ್ಣೆ ಹಾಗೇ ಇತ್ತು, ಮನೆಗಳ ಸಾಲೂ ನಕ್ಷೆಯ ಮೇಲೆ ಹಾಗೇ ಇತ್ತು. ಮಿನಾಜ ಎಂಬ ಒಂದು ಹೆಸರಷ್ಟೇ ಇರಲಿಲ್ಲ. ತಾನು ಕೇಳಿದ್ದನ್ನೇ ಅವರು ಇಷ್ಟು ಖುಷಿಯಿಂದ ಯಾಕೆ ಕೊಟ್ಟರೆಂದು ಆಗ ಹೊಳೆಯಿತು. ತನ್ನ ಕೈ ತೊಳೆದುಕೊಳ್ಳಲು ತಾನೇ ನೀರು ಕೇಳಿದಂತಾಗಿತ್ತು, ಅವರು ತಂಬಿಗೆ ತುಂಬ ತಂದು ಸುರಿದಿದ್ದರು. ಮಿನಾಜರ ಮುಖ ಕೆಂಪಾಯಿತು, ಮೊದಲ ಸಲ ಅವರ ಸಿಟ್ಟು ಸ್ವತಃ ಅವರ ಮೇಲೂ ತಿರುಗಿತು.

‘ಹೆಸರು ತಗೀರಿ ಅಂದ್ರಿ, ತಗದೀವಿ. ಇನ್ನೇನ್ರಿ ಮೇಡಂ?’

‘ನನ್ನ ಹೆಸರು ಹೊಳ್ಳಿ ಹಾಕ್ರಿ ಸರ್. ಹಾಕಿ, ಇಕಿ ಇದನ್ನ ಒಪ್ಪಿಲ್ಲ ಅಂತ ಅದರ ಬಾಜೂಕ ಬರೀರಿ. ಹೆಸರು ಇಲ್ಲದ ಸುಳ್ಳಿಗಿಂತ ಜಗಳ ಇರೂ ಕಾಗದ ಛಲೋ.’

ಹಾಕಲಿಲ್ಲ. ಹಾಕುವುದಿಲ್ಲವೆಂದೂ ಹೇಳಲಿಲ್ಲ. ವಿಚಾರ ಮಾಡೋಣ ಎಂದರು. ನಮ್ಮ ನಾಡಿನಲ್ಲಿ ಆ ಮಾತಿನ ಕೆಳಗೆ ಹೂತುಹೋದ ಸತ್ಯಗಳನ್ನು ಅಗೆದು ತೆಗೆದರೆ ಒಂದು ಗುಡ್ಡವಾದೀತು. ಮಿನಾಜರು ಹೊರಬಂದು, ಬೇವಿನ ಗಿಡದ ಕೆಳಗೆ ಸ್ಕೂಟಿಯ ಮೇಲೆ ಕೂತು, ದೇವಕಿಗೆ ಫೋನು ಮಾಡಿದರು. ಆವತ್ತು ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿದರು: ಆ ಮನೆ ನಿಲ್ಲುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೆ ಕಡಲು ಒಳಗೆ ಬರುತ್ತದೆ, ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಅಲೆಯ ಸದ್ದಿನ ನಡುವೆ ದೇವಕಿ ಕೇಳಿದಳು:

‘ಅದು ಮುಳುಗ್ತದೆ ಅಂತೀರಿ. ಇಲ್ಲಿಂದ್ಲೂ ಎಬ್ಬಿಸ್ತಾರೆ. ಸರಿ, ಮುಂದೆ?’

ಜೀವಮಾನವಿಡೀ ಎಲ್ಲರ ಕಡೆಗೆ ಎಸೆದ ಶಬ್ದ ತನ್ನ ಎದೆಗೇ ಬಂದು ತಾಗಿದಾಗ ಮಿನಾಜರು, ಉತ್ತರ ತನಗೂ ಗೊತ್ತಿಲ್ಲವೆಂದು ಹೇಳಿದರು. ಹೇಳಿ, ಸ್ಕೂಟಿಯನ್ನು ಮನೆಯ ಕಡೆಗೆ ತಿರುಗಿಸದೆ ತಿಕೋಟಾದ ಹಾದಿ ಹಿಡಿದರು. ಮುನಾಫನ ಮುಂದಿನ ಲೋಡಿನಲ್ಲಿ ಮಣೂಕದ ಪೆಟ್ಟಿಗೆಗಳ ನಡುವೆ ಒಂದು ತಗಡಿನ ತೊಟ್ಟಿ, ಒಂದು ಸಣ್ಣ ಮೋಟಾರು, ಅದೇ ಮರಳಿನ ಚೀಲಗಳು ಮತ್ತು ಮಳೆಕೋಟು ತೊಟ್ಟ ಅಕ್ಕ ಇದ್ದರು. ಹಿನ್ನೀರಿನ ದಡದಲ್ಲಿ, ಬಲೆ ಒಣಹಾಕುವ ಬಯಲಿನಲ್ಲಿ, ಓಣಿಯವರೆಲ್ಲ ಸುತ್ತ ನಿಂತು ದಿಣ್ಣೆ ಹರಿಯುವುದನ್ನು ನೋಡಿದರು. ತಾವು ಹುಟ್ಟಿದಾರಭ್ಯ ಕಂಡ ಮರಳಿನ ಗುಣವನ್ನು ಅವರಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಗೋಡೆ ಆ ಮರಳಿಗೆ ಏನು ಮಾಡುತ್ತದೆಂಬುದಷ್ಟೇ ಹೊಸದಾಗಿತ್ತು. ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ. ಮನೆ ಬೇಕು, ಆದರೆ ಒಳಗಿನ ಗುಡ್ಡದ ಬುಡದಲ್ಲಿ ಬೇಕು, ಕೊಡುವವರೆಗೆ ದಡ ಬಿಡುವುದಿಲ್ಲವೆಂದು ಕೂತರು. ಅವರು ಇಂದಿಗೂ ಕೂತಿದ್ದಾರೆ. ಕಾಲೇಜಿನಲ್ಲಿ ಮೇಡಂ ಅವರಿಂದ ಪ್ರಯೋಗಾಲಯದ ಬೀಗದ ಕೈಯನ್ನು ಮರಳಿ ಪಡೆಯಲಾಗಿದೆ.

ಇಂಥವರನ್ನು ನಾವು ಬಾಯಿ ಕೆಟ್ಟವರೆನ್ನುತ್ತೇವೆ, ಶುಭ ನುಡಿಯಲು ಬಾರದವರೆನ್ನುತ್ತೇವೆ, ಪೇಡೆ ಹಂಚುವಾಗ ಅವರ ಬಾಗಿಲು ತಪ್ಪಿಸಿ ನಡೆಯುತ್ತೇವೆ. ಬುನಾದಿಗೆ ಹೂವು ಏರಿಸುವ ದಿನವೇ ಅವರ ಕಣ್ಣಿಗೆ ಆ ಗೋಡೆಯ ಕೊನೆಯ ದಿನವೂ ಕಾಣಿಸಿಬಿಡುತ್ತದೆ. ಕಂಡ ಮೇಲೆ ನಗುತ್ತ ನಿಲ್ಲುವುದು ಅವರಿಂದಾಗದು. ನಮಗೆ ಸಿಟ್ಟು ಬರುವುದು ಆದ ಅನ್ಯಾಯಕ್ಕೆ. ಅವರಿಗೆ ಸಿಟ್ಟು ಬರುವುದು ಆಗಲಿರುವ ಅನ್ಯಾಯಕ್ಕೆ, ಅದನ್ನು ತಪ್ಪಿಸಲು ಇನ್ನೂ ಹೊತ್ತು ಇರುವಾಗಲೇ. ಅಷ್ಟು ಮುಂಚೆ ಬಂದ ಸಿಟ್ಟಿಗೆ ಜನ ಹುಚ್ಚು ಎಂದು ಹೆಸರಿಡುತ್ತಾರೆ. ಆದರೆ ಇನ್ನೂ ಹುಟ್ಟದ ಮಕ್ಕಳು ಮಲಗಬೇಕಾದ ನೆಲದ ಪರವಾಗಿ ಇಂದು ಜಗಳ ಮಾಡುವವರು ಬೇರೆ ಯಾರಿದ್ದಾರೆ? ಆ ಮಕ್ಕಳಿಗೆ ಬಾಯಿಲ್ಲವೆಂದೇ ಇವರ ಬಾಯಿ ಇಷ್ಟು ಕೆಟ್ಟಿದೆ.